ಒಂದರಲ್ಲಿ ವಾಸ, ಇನ್ನೊಂದು ಬಾಡಿಗೆಗೆ: ಅಮೆರಿಕದ ಮಾಜಿ ಸೈನಿಕರ ಗೃಹಸಾಲ

ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ಆರು ವರ್ಷ ಇದ್ದು ಹೊರಬಂದಿದ್ದೇನೆ. ಈಗ ಸ್ಯಾನ್ ಆಂಟೋನಿಯೊದಲ್ಲಿ ನೌಕರಿ. ಅಕ್ಕಪಕ್ಕ ಎರಡು ಮನೆಗಳಿರುವ ಕಟ್ಟಡ ಕೊಂಡು, ಒಂದರಲ್ಲಿ ನಾವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡುವ ಯೋಚನೆ. ಕೈಯಲ್ಲಿ ದುಡ್ಡು ಕಡಿಮೆ. ವಿ.ಎ. (ಮಾಜಿ ಸೈನಿಕರ ವೆಟರನ್ಸ್ ಇಲಾಖೆ) ಸಾಲವಾದರೆ ಮುಂಗಡವೇ ಬೇಡ ಎನ್ನುತ್ತಾರೆ. ಬಾಡಿಗೆಯಿಂದಲೇ ಕಂತು ತೀರೀತೇ?
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಮುಂಗಡ ಬೇಡ ಎನ್ನುವುದು ನಿಜ. ಬಾಡಿಗೆಯಿಂದಲೇ ಕಂತು ತೀರುತ್ತದೆ ಎನ್ನುವುದನ್ನು ಮಾತ್ರ ನಂಬಬೇಡಿ.

ಸಾಲ ಕೊಡುವುದು ಬ್ಯಾಂಕು. ವೆಟರನ್ಸ್ ಇಲಾಖೆ ಅದಕ್ಕೆ ಜಾಮೀನು ನಿಲ್ಲುತ್ತದೆ. ನಾಲ್ಕು ಮನೆಗಳವರೆಗಿನ ಕಟ್ಟಡ ಕೊಳ್ಳಬಹುದು. ಆದರೆ ಒಂದರಲ್ಲಿ ನೀವೇ ಇರಬೇಕು, ಸಾಮಾನ್ಯವಾಗಿ ಖರೀದಿ ಮುಗಿದ 60 ದಿನದೊಳಗೆ. ಮೊದಲು ಡಿಡಿ-214 (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ದಾಖಲೆ) ಕೊಟ್ಟು ಅರ್ಹತಾ ಪತ್ರ ತೆಗೆಸಿ. ಅರ್ಹತೆ ಹಿಂದಿನ ಯಾವ ವಿ.ಎ. ಸಾಲದಲ್ಲೂ ಸಿಕ್ಕಿಕೊಳ್ಳದೆ ಪೂರ್ತಿ ಉಳಿದಿದ್ದರೆ 2020ರಿಂದ ಈಚೆಗೆ ವಿ.ಎ. ಸಾಲಕ್ಕೆ ಮೇಲ್ಮಿತಿ ಹಾಕಿಲ್ಲ. ಎಷ್ಟು ಸಾಲ ಹುಟ್ಟುತ್ತದೆ ಎಂಬುದು ನಿಮ್ಮ ಸಂಬಳ, ಹಳೆಯ ಸಾಲಗಳ ಮೇಲೆ ನಿಂತಿದೆ.

ಲೆಕ್ಕ ಹಾಕೋಣ. ಕಟ್ಟಡದ ಬೆಲೆ 4,00,000 ಡಾಲರ್ ಎಂದಿಟ್ಟುಕೊಳ್ಳಿ. ಮುಂಗಡವಿಲ್ಲದ ಮೊದಲ ಸಾಲಕ್ಕೆ ಫಂಡಿಂಗ್ ಫೀ (ವಿ.ಎ.ಗೆ ಒಮ್ಮೆ ಕಟ್ಟುವ ಶುಲ್ಕ) ಶೇ. 2.15, ಅಂದರೆ 8,600. ಅದನ್ನು ಸಾಲಕ್ಕೇ ಸೇರಿಸಬಹುದು. ಶೇ. 6.5 ಬಡ್ಡಿ, 30 ವರ್ಷಕ್ಕೆ ತಿಂಗಳ ಕಂತು ಸುಮಾರು 2,583. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಮನೆ ತೆರಿಗೆ ಜಾಸ್ತಿ: ಶೇ. 2ರಂತೆ ಹಿಡಿದರೆ ತಿಂಗಳಿಗೆ 667. ವಿಮೆಗೆ 250. ಒಟ್ಟು 3,500 ಡಾಲರ್. ಪಕ್ಕದ ಮನೆಯಿಂದ 1,500 ಬಾಡಿಗೆ ಬಂದರೂ 2,000 ನಿಮ್ಮ ಜೇಬಿನಿಂದಲೇ ಹೋಗಬೇಕು. ರಿಪೇರಿ ಬೇರೆ.

ಸೇವೆಯಲ್ಲಿ ಆದ ಗಾಯ ಅಥವಾ ಕಾಯಿಲೆಗೆ ವಿ.ಎ. ಪರಿಹಾರ ಬರುತ್ತಿದ್ದರೆ ಫಂಡಿಂಗ್ ಫೀ ಪೂರ್ತಿ ಮಾಫಿ. ಅರ್ಜಿ ಇನ್ನೂ ತೀರ್ಮಾನವಾಗದಿದ್ದರೆ ಬ್ಯಾಂಕಿಗೆ ಈಗಲೇ ತಿಳಿಸಿ. ಖರೀದಿಗೆ ಹಿಂದಿನ ದಿನಾಂಕದಿಂದ ಪರಿಹಾರ ಮಂಜೂರಾದರೆ ಕಟ್ಟಿದ ಫೀ ವಾಪಸ್ ಕೇಳಬಹುದು.

ಹೆಚ್ಚಿನವರು ಮುಗ್ಗರಿಸುವುದು ಬಾಡಿಗೆಯನ್ನು ಆದಾಯವಾಗಿ ತೋರಿಸುವಾಗ. ಬ್ಯಾಂಕು ಹಿಡಿಯುವುದು ಬಾಡಿಗೆಯ ಶೇ. 75 ಮಾತ್ರ, ನಿಮ್ಮ 1,500 ಅಲ್ಲಿ 1,125 ಆಗುತ್ತದೆ. ಅಷ್ಟನ್ನಾದರೂ ಹಿಡಿಯಬೇಕಾದರೆ ತೆರಿಗೆ, ವಿಮೆ ಸೇರಿ ಆರು ತಿಂಗಳ ಪೂರ್ತಿ ಕಂತು, ಇಲ್ಲಿ 21,000 ಡಾಲರ್, ಖಾತೆಯಲ್ಲಿರಬೇಕು. ಜತೆಗೆ ಬಾಡಿಗೆ ಮನೆ ನೋಡಿಕೊಂಡ ಅಥವಾ ಕಟ್ಟಡ ನಿರ್ವಹಣೆ ಮಾಡಿದ ಅನುಭವಕ್ಕೆ ದಾಖಲೆ ಬೇಕು. ಮೊದಲ ಸಲ ಕೊಳ್ಳುವವರ ಹತ್ತಿರ ಇವೆರಡೂ ಇರುವುದು ಅಪರೂಪ. ಆದ್ದರಿಂದ ಸಂಬಳವೊಂದರ ಮೇಲೆ ಸಾಲ ಮಂಜೂರಾಗುವ ಬೆಲೆಯ ಕಟ್ಟಡವನ್ನೇ ಹುಡುಕಿ. ಬಾಡಿಗೆದಾರರು ಬಿಟ್ಟುಹೋಗಿ ಎರಡು ತಿಂಗಳು ಮನೆ ಖಾಲಿ ಬಿದ್ದರೂ ನೀವು ಉಳಿಯುತ್ತೀರಿ.

ತಮ್ಮನನ್ನೋ ಗೆಳೆಯನನ್ನೋ ಸಾಲಕ್ಕೆ ಜೊತೆ ಮಾಡಿಕೊಳ್ಳುವ ಮುಂಚೆ ಯೋಚಿಸಿ. ಅವರು ಮಾಜಿ ಸೈನಿಕರಲ್ಲದಿದ್ದರೆ ಜಾಮೀನು ನಿಮ್ಮ ಪಾಲಿಗಷ್ಟೇ ಸಿಗುತ್ತದೆ. ಉಳಿದದ್ದಕ್ಕೆ ಬ್ಯಾಂಕು ಮುಂಗಡ ಕೇಳುತ್ತದೆ. ಹೆಂಡತಿ ಅಥವಾ ಗಂಡ ಸೇರಿದರೆ ಈ ತೊಡಕಿಲ್ಲ.

ವಿ.ಎ. ಕಳಿಸುವ ಮೌಲ್ಯಮಾಪಕರು ಬೆಲೆಯನ್ನೂ ಕನಿಷ್ಠ ಗುಣಮಟ್ಟವನ್ನೂ ನೋಡುತ್ತಾರೆ, ಅಷ್ಟೆ. ಚಾವಣಿ, ಒಳಚರಂಡಿ, ವೈರಿಂಗ್ ಪರೀಕ್ಷೆಗೆ ನೀವೇ ಬೇರೆ ಇನ್‌ಸ್ಪೆಕ್ಟರನ್ನು ಗೊತ್ತುಮಾಡಿ. ನೀರು, ಗ್ಯಾಸ್, ಕರೆಂಟು ಎರಡೂ ಮನೆಗೆ ಒಂದೇ ಲೈನಿನಲ್ಲಿದ್ದರೆ ಪ್ರತಿ ಮನೆಗೂ ಪ್ರತ್ಯೇಕವಾಗಿ ಬಂದ್ ಮಾಡುವ ವ್ಯವಸ್ಥೆ ಇರಲೇಬೇಕು. ಮೀಟರೂ ಬೇರೆಬೇರೆ ಇದ್ದರೆ ಬಿಲ್ಲಿನ ಜಗಳ ತಪ್ಪುತ್ತದೆ. ಮೌಲ್ಯ ಒಪ್ಪಿದ ಬೆಲೆಗಿಂತ ಕಡಿಮೆ ಬಂದರೆ, ಕರಾರಿನಲ್ಲಿರುವ ವಿ.ಎ. ಷರತ್ತಿನಂತೆ ಹಿಂದೆ ಸರಿದು, ಕರಾರಿನ ವೇಳೆ ಕೊಟ್ಟ ಅಡ್ವಾನ್ಸ್ ವಾಪಸ್ ಪಡೆಯಬಹುದು.

ಪ್ರಶ್ನೆ: ಮನೆ ಬಾಡಿಗೆಗೆ ಕೊಡುವ ಜಾಹೀರಾತಿನಲ್ಲಿ ‘ಭಾರತೀಯರಿಗೆ ಮಾತ್ರ’ ಎಂದು ಹಾಕಬಹುದೇ?

ಉತ್ತರ: ಕೂಡದು. ಮಾಲೀಕರು ಅದೇ ಕಟ್ಟಡದಲ್ಲಿದ್ದರೂ ಫೆಡರಲ್ ವಸತಿ ಕಾನೂನು ಇಂಥ ಜಾಹೀರಾತನ್ನು ಒಪ್ಪುವುದಿಲ್ಲ. ‘ಮಕ್ಕಳಿರುವವರಿಗೆ ಇಲ್ಲ’ ಎಂಬುದಕ್ಕೂ ಇದೇ ಉತ್ತರ. ಆದಾಯ, ಕ್ರೆಡಿಟ್ ಸ್ಕೋರ್, ಹಿಂದಿನ ಮಾಲೀಕರ ಅಭಿಪ್ರಾಯ ಇವನ್ನು ಮಾನದಂಡವಾಗಿ ಬರೆದಿಟ್ಟು, ಬಂದವರೆಲ್ಲರಿಗೂ ಒಂದೇ ಅಳತೆ ಹಿಡಿಯಿರಿ.