ಸಂಗೀತ ಪ್ರಶ್ನೋತ್ತರ: ಬ್ಲೂಸ್ ಮತ್ತು ಸೋಲ್ ಉತ್ಸವಗಳ ವೇದಿಕೆಯಲ್ಲಿ

ಪ್ರಶ್ನೆ: ಜೂನ್ ತಿಂಗಳಲ್ಲಿ ಮಗಳ ಮನೆಗೆಂದು ಷಿಕಾಗೋ ನಗರಕ್ಕೆ ಹೊರಟಿದ್ದೇನೆ. ಆ ಸಮಯದಲ್ಲಿ ಅಲ್ಲಿ ಹಲವು ದಿನಗಳ ಬ್ಲೂಸ್ ಉತ್ಸವ ನಡೆಯುತ್ತದೆಂದು ಅಳಿಯಂದಿರು ಹೇಳುತ್ತಾರೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿದವಳು ನಾನು. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ನನಗೆ ಹೊಸದು. ವಯಸ್ಸಿನ ಕಾರಣದಿಂದ ಇಡೀ ದಿನ ಹೊರಗೆ ಕೂರಲಾಗದು. ರಾತ್ರಿಯ ಮುಖ್ಯ ಕಛೇರಿಗೆ ಮಾತ್ರ ಹೋದರೆ ಸಾಕೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ಸಾಲದು. ದಿನದಲ್ಲಿ ಒಂದೇ ಹೊತ್ತು ಸಾಧ್ಯವೆಂದಾದರೆ ರಾತ್ರಿಯನ್ನು ಬಿಟ್ಟು ಮಧ್ಯಾಹ್ನವನ್ನು ಆರಿಸಿಕೊಳ್ಳಿ ಎಂದೇ ಹೇಳುತ್ತೇನೆ. ರಾತ್ರಿ ಹಾಡುವ ಹೆಸರಾಂತ ಕಲಾವಿದರ ಧ್ವನಿಮುದ್ರಣಗಳು ನಿಮಗೆ ಮೈಸೂರಿನಲ್ಲಿ ಕುಳಿತೇ ಸಿಗುತ್ತವೆ. ಆದರೆ ಹಗಲಿನ ಚಿಕ್ಕ ವೇದಿಕೆಗಳಲ್ಲಿ ನುಡಿಸುವವರಲ್ಲಿ ಹಲವರು ಮಿಸಿಸಿಪ್ಪಿಯ ಊರುಗಳಲ್ಲೋ ಷಿಕಾಗೋದ ಕ್ಲಬ್ಬುಗಳಲ್ಲೋ ವಾರವಾರವೂ ನುಡಿಸುತ್ತ ಬಂದವರಾಗಿದ್ದು, ಅವರನ್ನು ನಾಲ್ಕಡಿ ದೂರದಿಂದ ಕೇಳುವ ಅವಕಾಶ ಬೇರೆ ಕಡೆ ಸುಲಭವಾಗಿ ದೊರೆಯುವುದಿಲ್ಲ.

ಈ ಉತ್ಸವ ಆರಂಭವಾದದ್ದು 1984ರಲ್ಲಿ. ಷಿಕಾಗೋ ಬ್ಲೂಸಿನ ಹಿರಿಯ ಮಡ್ಡಿ ವಾಟರ್ಸ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ನಗರಾಡಳಿತವೇ ನಡೆಸುವ ಉತ್ಸವವಾದ್ದರಿಂದ ಪ್ರವೇಶಕ್ಕೆ ಹಣವಿಲ್ಲ, ಟಿಕೆಟ್ಟಿನ ಚಿಂತೆಯೂ ಇಲ್ಲ. ಮೊದಲು ಗ್ರ್ಯಾಂಟ್ ಪಾರ್ಕಿನಲ್ಲಿ ನಡೆಯುತ್ತಿದ್ದದ್ದು 2017ರಿಂದ ಪಕ್ಕದ ಮಿಲೇನಿಯಂ ಪಾರ್ಕಿಗೆ ಬಂದಿದೆ. ಅಲ್ಲಿನ ದೊಡ್ಡ ವೇದಿಕೆಯಾದ ಪ್ರಿಟ್ಜ್‌ಕರ್ ಪೆವಿಲಿಯನ್ ವಾಸ್ತುಶಿಲ್ಪಿ ಫ್ರ್ಯಾಂಕ್ ಗೇರಿಯವರ ವಿನ್ಯಾಸ. ಮುಂದೆ ಸುಮಾರು 4,000 ಕುರ್ಚಿಗಳು, ಅವುಗಳ ಹಿಂದೆ ಸುಮಾರು 7,000 ಜನ ಕೂರಬಹುದಾದ ಹುಲ್ಲುಹಾಸು. ಹುಲ್ಲುಹಾಸಿನ ಮೇಲೆ ಉಕ್ಕಿನ ಕೊಳವೆಗಳ ದೊಡ್ಡ ಜಾಲವೊಂದು ಚಪ್ಪರದಂತೆ ಬಾಗಿ ನಿಂತಿದೆ. ಅದು ಬರಿಯ ಅಲಂಕಾರವಲ್ಲ. ಸ್ಪೀಕರುಗಳು ತೂಗುವುದು ಆ ಜಾಲಕ್ಕೆ, ಆದ್ದರಿಂದ ನೋಟಕ್ಕೆ ಅಡ್ಡವಾಗುವ ಕಂಬಗಳಿಲ್ಲ. ಹಿಂದಿನ ಸ್ಪೀಕರುಗಳಿಗೆ ಧ್ವನಿಯನ್ನು ಒಂದು ಕ್ಷಣದ ಅಲ್ಪಭಾಗದಷ್ಟು ತಡಮಾಡಿ ಕಳುಹಿಸುವುದರಿಂದ ವೇದಿಕೆಯಿಂದ ಬರುವ ನಾದವೂ ತಲೆಯ ಮೇಲಿನಿಂದ ಬರುವ ನಾದವೂ ಕಿವಿಗೆ ಒಂದಾಗಿಯೇ ತಲುಪುತ್ತವೆ. ಹಾಗಾಗಿ ಮುಂದಿನ ಸಾಲಿಗಾಗಿ ನೂಕಾಡುವ ಅಗತ್ಯವಿಲ್ಲ. ಒಂದು ಜಮಖಾನ ಹಾಸಿಕೊಂಡು ಹಿಂದೆ ಕುಳಿತರೂ ಸಂಗೀತ ಸ್ಪಷ್ಟವಾಗಿ ಕೇಳುತ್ತದೆ. ಸಂಜೆಯಾದ ಮೇಲೆ ಸರೋವರದ ಕಡೆಯಿಂದ ತಣ್ಣನೆಯ ಗಾಳಿ ಬೀಸುವುದುಂಟು, ಶಾಲು ಮರೆಯಬೇಡಿ.

ಹೊಸಬರಾದ ನಿಮಗೆ ಕೇಳಲು ಒಂದು ಗುರುತು ಬೇಕಿದ್ದರೆ ಹಾರ್ಮೋನಿಕಾ (ಮೌತ್ ಆರ್ಗನ್) ನುಡಿಸುವವರನ್ನು ಗಮನಿಸಿ. ಮಿಸಿಸಿಪ್ಪಿಯ ಹತ್ತಿ ತೋಟಗಳಿಂದ ರೈಲು ಹತ್ತಿ ಉತ್ತರಕ್ಕೆ ಬಂದ ಲಕ್ಷಾಂತರ ಕಪ್ಪು ಜನರಲ್ಲಿ ಮಡ್ಡಿ ವಾಟರ್ಸ್ ಕೂಡ ಒಬ್ಬರು. ಅವರು ಷಿಕಾಗೋ ತಲುಪಿದ್ದು 1943ರಲ್ಲಿ. ಹಳ್ಳಿಯ ಜಗಲಿಯಲ್ಲಿ ಸಾಕಾಗುತ್ತಿದ್ದ ಮರದ ಗಿಟಾರಿನ ದನಿ ನಗರದ ಮದ್ಯದಂಗಡಿಯ ಗದ್ದಲದಲ್ಲಿ ಕೇಳುತ್ತಿರಲಿಲ್ಲವಾದ್ದರಿಂದ ಅವರು ವಿದ್ಯುತ್ ಗಿಟಾರನ್ನು ಹಿಡಿದರು. ಅವರ ತಂಡದಲ್ಲಿದ್ದ ಲಿಟ್ಲ್ ವಾಲ್ಟರ್ ಅದೇ ಕಷ್ಟಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಚಿಕ್ಕ ಮೈಕ್ ಒಂದನ್ನು ಹಾರ್ಮೋನಿಕಾದ ಬೆನ್ನಿಗೆ ಒತ್ತಿ, ಎರಡನ್ನೂ ಎರಡು ಅಂಗೈಗಳ ನಡುವೆ ಗಾಳಿಯಾಡದಂತೆ ಮುಚ್ಚಿ ಹಿಡಿದು, ಗಿಟಾರಿನ ಆಂಪ್ಲಿಫೈಯರ್ ಮೂಲಕ ನುಡಿಸಿದಾಗ ಆ ಪುಟ್ಟ ವಾದ್ಯದಿಂದ ಸ್ಯಾಕ್ಸೊಫೋನಿನಷ್ಟು ದಪ್ಪನೆಯ, ಸ್ವಲ್ಪ ಒಡೆದಂತಿರುವ ನಾದ ಹೊರಟಿತು. ಇಂದಿಗೂ ಷಿಕಾಗೋದ ಹಾರ್ಮೋನಿಕಾ ವಾದಕರು ಹಾಗೆಯೇ ನುಡಿಸುತ್ತಾರೆ. ಅಂಗೈ ತುಸು ಬಿಚ್ಚಿದೊಡನೆ ನಾದ ತೆಳ್ಳಗಾಗುವುದನ್ನೂ ಮತ್ತೆ ಮುಚ್ಚಿದಾಗ ತುಂಬಿಕೊಳ್ಳುವುದನ್ನೂ ನೀವು ಕಣ್ಣಾರೆ ನೋಡಬಹುದು, ಆದರೆ ಅದಕ್ಕೆ ಹತ್ತಿರವಿರಬೇಕು. ಮಧ್ಯಾಹ್ನದ ವೇದಿಕೆಯನ್ನು ಸೂಚಿಸಿದ್ದರ ಹಿಂದೆ ಈ ಕಾರಣವೂ ಇದೆ.

ಪ್ರಶ್ನೆ: ಇಂಥ ಉತ್ಸವದ ಮೂರು ದಿನಗಳ ಧ್ವನಿಮುದ್ರಣವನ್ನು ಸ್ನೇಹಿತರು ಕೇಳಿಸಿದರು. ಎಲ್ಲ ಹಾಡುಗಳೂ ಅದೇ ಮೂರು ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸುತ್ತ ತಿರುಗುತ್ತವೆ. ಹಿಂದೂಸ್ತಾನಿ ಕಲಿಯುತ್ತಿರುವ ನನಗೆ ಅರ್ಧ ಗಂಟೆಯಲ್ಲೇ ಬೇಸರವಾಯಿತು. ದೋಷ ಸಂಗೀತದ್ದೋ, ನನ್ನ ಕಿವಿಯದ್ದೋ?
— ಧಾರವಾಡದ ವಿದ್ಯಾರ್ಥಿಯೊಬ್ಬರು

ಉತ್ತರ: ಬದಲಾವಣೆಯನ್ನು ನೀವು ಅದು ಇಲ್ಲದ ಜಾಗದಲ್ಲಿ ಹುಡುಕಿದ್ದೀರಿ. ಬ್ಲೂಸಿನ ಬಹುಪಾಲು ಹಾಡುಗಳ ಚೌಕಟ್ಟು ಹನ್ನೆರಡು ಬಾರುಗಳದ್ದು; ಬಾರು ಎಂದರೆ ನಾಲ್ಕು ಎಣಿಕೆಗಳ ಒಂದು ತಾಳಘಟಕ. ಷಡ್ಜದ ಮೇಲೆ ನಿಂತ ಕಾರ್ಡಿನಲ್ಲಿ ನಾಲ್ಕು ಬಾರು, ಮಧ್ಯಮದ ಕಾರ್ಡಿನಲ್ಲಿ ಎರಡು, ಮತ್ತೆ ಷಡ್ಜದಲ್ಲಿ ಎರಡು, ಆಮೇಲೆ ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಎರಡು ಬಾರು ಷಡ್ಜ. ಆ ಕೊನೆಯ ಬಾರಿನಲ್ಲಿ ಪಂಚಮವನ್ನು ತಾಕಿ ಮೊದಲಿಗೆ ಮರಳುವುದು ರೂಢಿ. ಸಾಹಿತ್ಯದಲ್ಲಿ ಮೊದಲ ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುತ್ತಾರೆ. ಒಂದೊಂದು ಸಾಲೂ ತನಗೆ ಮೀಸಲಾದ ನಾಲ್ಕು ಬಾರುಗಳಲ್ಲಿ ಸುಮಾರು ಅರ್ಧವನ್ನಷ್ಟೇ ತುಂಬುತ್ತದೆ. ಉಳಿದ ಜಾಗ ಗಿಟಾರಿನದ್ದೋ ಹಾರ್ಮೋನಿಕಾದ್ದೋ ಪಿಯಾನೋದ್ದೋ. ಹಾಡಿದ ಸಾಲಿಗೆ ವಾದ್ಯ ಕೊಡುವ ಈ ಮರುಮಾತನ್ನು ಹಿಂಬಾಲಿಸಲು ಆರಂಭಿಸಿದರೆ, ಒಂದೇ ಹಾಡಿನ ಎರಡು ಚರಣಗಳೂ ಒಂದೇ ರೀತಿ ಇರುವುದಿಲ್ಲವೆಂಬುದು ಬೇಗನೆ ತಿಳಿಯುತ್ತದೆ. ವಿಲಂಬಿತ ಖ್ಯಾಲಿನಲ್ಲಿ ಠೇಕಾ (ತಬಲಾದ ಮೂಲ ನಡೆ) ಬದಲಾಗಲಿಲ್ಲವೆಂದು ನೀವು ದೂರುವುದಿಲ್ಲವಷ್ಟೇ.

ಸ್ವರಗಳ ವಿಷಯದಲ್ಲಿ ನಿಮ್ಮ ಅಭ್ಯಾಸ ನಿಮಗೆ ಅನುಕೂಲವೇ ಆಗಬೇಕು. ಗಿಟಾರ್ ವಾದಕರು ತಂತಿಯನ್ನು ಎಡಬೆರಳಿನಿಂದ ತಳ್ಳಿ ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರದತ್ತ ಎಳೆಯುತ್ತಾರೆ, ಆದರೆ ಪೂರ್ತಿ ತಲುಪದೆ ನಡುವೆ ಒಂದೆಡೆ ನಿಲ್ಲುತ್ತಾರೆ. ಎಲ್ಲಿ ನಿಲ್ಲುತ್ತಾರೆಂಬುದರಲ್ಲೇ ಒಬ್ಬೊಬ್ಬರ ಗುರುತು ಇದೆ. ಪಿಯಾನೋದಲ್ಲಿ ಆ ಸ್ಥಾನಕ್ಕೆ ಮನೆಯಿಲ್ಲವಾದ್ದರಿಂದ ವಾದಕರು ಎರಡೂ ಗಾಂಧಾರಗಳನ್ನು ಒತ್ತೊತ್ತಾಗಿ ನುಡಿಸಿ ಅದರ ಛಾಯೆಯನ್ನು ತರುತ್ತಾರೆ.

ಇದರ ಜೊತೆಗೆ, ನೇರವಾಗಿ ನೋಡಿದಾಗಷ್ಟೇ ತಿಳಿಯುವ ಅಂಶವೊಂದಿದೆ; ಅದು ನಾದದ ಏರಿಳಿತ. 1936ರಲ್ಲಿ ಲೂಯಿಸಿಯಾನಾದಲ್ಲಿ ಹುಟ್ಟಿ 1957ರಲ್ಲಿ ಷಿಕಾಗೋಗೆ ಬಂದ ಬಡ್ಡಿ ಗಾಯ್ ಇದರಲ್ಲಿ ಎತ್ತಿದ ಕೈ. ಮೈದಾನವೇ ನಡುಗುವಂತೆ ನುಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಇಡೀ ತಂಡವನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ, ಮೈಕಿನಿಂದ ಹಿಂದೆ ಸರಿದು ಬರಿಗಂಟಲಿನಲ್ಲಿ ಒಂದು ಸಾಲು ಹಾಡುತ್ತಾರೆ. ಸಾವಿರಾರು ಜನ ಅದನ್ನು ಕೇಳಲೆಂದು ತಾವಾಗಿಯೇ ಸುಮ್ಮನಾಗುತ್ತಾರೆ. ಗಿಟಾರ್ ನುಡಿಸುತ್ತಲೇ ವೇದಿಕೆಯಿಂದಿಳಿದು ಸಭಿಕರ ನಡುವೆ ನಡೆಯುವ ಅವರ ಅಭ್ಯಾಸವನ್ನು ಕೆಲವರು ಬರಿಯ ಪ್ರದರ್ಶನವೆಂದು ಹೀಗಳೆಯುವುದುಂಟು. ಹಾಗೆ ಹೇಳುವವರು, ಅದು ಅವರಿಗೆ ಗಿಟಾರ್ ಸ್ಲಿಮ್ ಎಂಬ ಹಿಂದಿನ ತಲೆಮಾರಿನ ಕಲಾವಿದರಿಂದ ಬಂದ ಪರಂಪರೆಯೆಂಬುದನ್ನು ಗಮನಿಸಿದಂತಿಲ್ಲ. ಗಿಟಾರ್ ಸ್ಲಿಮ್ ಗಿಟಾರಿನಿಂದ ಆಂಪ್ಲಿಫೈಯರಿಗೆ ಬಹಳ ಉದ್ದದ ವಿದ್ಯುತ್ ತಂತಿ ಜೋಡಿಸಿಕೊಂಡು, ನುಡಿಸುತ್ತಲೇ ಜನರ ನಡುವೆ ಓಡಾಡುತ್ತಿದ್ದರು. ನೀವು ಕೇಳಿದ ಧ್ವನಿಮುದ್ರಣದಲ್ಲಿ ಈ ಭಾಗಗಳು ಉದ್ದನೆಯ ಖಾಲಿ ಜಾಗವಾಗಿ ಕೇಳಿಸಿರಬಹುದು.

ಪ್ರಶ್ನೆ: ಒಂದೇ ಉತ್ಸವದಲ್ಲಿ ಬ್ಲೂಸ್ ಮತ್ತು ಸೋಲ್ ಎರಡನ್ನೂ ಸೇರಿಸುವುದೇಕೆ? ಎರಡರ ನಡುವೆ ವ್ಯತ್ಯಾಸವಿಲ್ಲವೇ?
— ಹಾಸನದ ಓದುಗರೊಬ್ಬರು

ಉತ್ತರ: ವ್ಯತ್ಯಾಸವಿದೆ. ಬ್ಲೂಸ್ ಬೆಳೆದದ್ದು ಹೊಲದ ದುಡಿಮೆಯ ಹಾಡು ಮತ್ತು ಶನಿವಾರ ರಾತ್ರಿಯ ಕುಣಿತದ ನಡುವೆ. ಸೋಲ್ ಸಂಗೀತದ ಗಾಯನವಾದರೋ ಭಾನುವಾರ ಬೆಳಗಿನ ಚರ್ಚಿನಿಂದ ಬಂದದ್ದು. 1950ರ ದಶಕದ ನಡುಭಾಗದಲ್ಲಿ ಗಾಯಕ ರೇ ಚಾರ್ಲ್ಸ್ ಚರ್ಚಿನ ಭಕ್ತಿಗೀತೆಗಳ ಹಾಡುಗಾರಿಕೆಯನ್ನೂ ಹಿಮ್ಮೇಳದ ಹೆಂಗಸರ ದನಿಯನ್ನೂ ಲೌಕಿಕ ಪ್ರೇಮದ ಹಾಡಿಗೆ ತಂದಾಗ ಹಲವು ಧರ್ಮನಿಷ್ಠರು ಸಿಟ್ಟಾದರು. ಹಾಡುವವರೂ ಕೇಳುವವರೂ ಬಹುಮಟ್ಟಿಗೆ ಒಂದೇ ಸಮುದಾಯದವರಾಗಿದ್ದರಿಂದ ಎರಡೂ ಒಂದೇ ವೇದಿಕೆಯಲ್ಲಿ ಕೂಡಿಬರುವುದು ಸಹಜ. ಸೋಲ್ ಕಛೇರಿಯಲ್ಲಿ ಗಿಟಾರಿಗಿಂತ ಟ್ರಂಪೆಟ್, ಸ್ಯಾಕ್ಸೊಫೋನ್ ಮುಂತಾದ ಕೊಂಬುವಾದ್ಯಗಳ ಸಾಲು ಮುಖ್ಯ. ಗಾಯಕರು ಅಂತ್ಯವನ್ನು ಬೇಕೆಂದೇ ಎಳೆಯುತ್ತಾರೆ, ಮುಗಿಯಿತೆನಿಸಿದ ಹಾಡು ಮತ್ತೆ ಮೇಲೇಳುತ್ತದೆ.

ಪ್ರಶ್ನೆ: ಉತ್ಸವದ ಒಂದೇ ಪ್ರದರ್ಶನದಿಂದ ಕಲಾವಿದರ ಹೆಸರು ರಾತ್ರೋರಾತ್ರಿ ಬೆಳೆಯಿತೆಂದು ಓದುತ್ತೇವೆ. ಅದು ಪ್ರಚಾರದ ಮಾತಲ್ಲವೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಬಹಳಷ್ಟು ಸಲ ಹೌದು, ಆದರೆ ನಿಜವಾದ ಉದಾಹರಣೆಗಳೂ ಇವೆ. 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಉತ್ಸವದ ಎರಡನೆಯ ರಾತ್ರಿ, ಬಹಳ ತಡವಾಗಿ, ಸೋಲ್ ಗಾಯಕ ಓಟಿಸ್ ರೆಡಿಂಗ್ ವೇದಿಕೆಗೆ ಬಂದರು. ಮುಂದಿದ್ದವರು ಹೆಚ್ಚಾಗಿ ರಾಕ್ ಸಂಗೀತ ಕೇಳಲು ಬಂದ ಬಿಳಿಯ ಯುವಜನ. ಅವರಲ್ಲಿ ಹಲವರಿಗೆ ಆತ ಅಪರಿಚಿತರು. ಹಾಡಿದ್ದು ಐದೇ ಹಾಡು. ಕೊನೆಯದಾದ ‘ಟ್ರೈ ಎ ಲಿಟ್ಲ್ ಟೆಂಡರ್‌ನೆಸ್’ 1932ರ ಒಂದು ಮೆಲುದನಿಯ ಹಾಡು. ರೆಡಿಂಗ್ ಅದನ್ನು ಬಹುತೇಕ ಮಾತಿನಂತೆ ಆರಂಭಿಸಿ, ಡ್ರಮ್ಮಿನ ಅಂಚಿನ ಟಿಕ್ ಟಿಕ್ ಸದ್ದಿನ ಮೇಲೆ ಹಂತಹಂತವಾಗಿ ವೇಗ ಏರಿಸಿ, ಕೊನೆಗೆ ಪದಗಳೇ ಚೂರಾಗಿ ಬರಿಯ ಉದ್ಗಾರಗಳು ಉಳಿಯುವವರೆಗೆ ಒಯ್ದರು.

ರಾತ್ರೋರಾತ್ರಿಯ ಯಶಸ್ಸೆನ್ನುವವರು ಮರೆಯುವ ಸಂಗತಿಯೆಂದರೆ, ಬೆನ್ನಿಗಿದ್ದ ಬುಕರ್ ಟಿ. ಅಂಡ್ ದಿ ಎಂ.ಜಿ.ಸ್ ತಂಡ ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿಯ ಧ್ವನಿಮುದ್ರಣಗಳಲ್ಲಿ ವರ್ಷಗಳಿಂದ ಅವರೊಂದಿಗೆ ನುಡಿಸಿತ್ತು. ಅದೇ ವಸಂತದಲ್ಲಿ ಅವರೆಲ್ಲ ಯೂರೋಪಿನ ಊರೂರು ಸುತ್ತಿ ಒಟ್ಟಿಗೆ ಕಾರ್ಯಕ್ರಮ ಕೊಟ್ಟು ಬಂದಿದ್ದರು. ಮರುದಿನ ಮಧ್ಯಾಹ್ನ ಅದೇ ವೇದಿಕೆಯಲ್ಲಿ ಪಂಡಿತ್ ರವಿಶಂಕರ್ ಅವರ ಸಿತಾರ್ ಕಛೇರಿ, ಉಸ್ತಾದ್ ಅಲ್ಲಾರಖಾ ಅವರ ತಬಲಾದೊಂದಿಗೆ ನಡೆಯಿತು. ಆ ವರ್ಷದ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ರೆಡಿಂಗ್ ತೀರಿಕೊಂಡಾಗ ಅವರಿಗೆ 26 ವರ್ಷ.

ಇನ್ನೊಂದು ಉದಾಹರಣೆ 1969ರ ಆಗಸ್ಟಿನಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ನಡೆದ ಬ್ಲೂಸ್ ಉತ್ಸವದ್ದು. ಬಿ. ಬಿ. ಕಿಂಗ್, ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಮೊದಲಾದ ದೊಡ್ಡವರೆಲ್ಲ ಇದ್ದ ಆ ಉತ್ಸವಕ್ಕೆ ಷಿಕಾಗೋದ ಗಿಟಾರ್ ವಾದಕ ಮ್ಯಾಜಿಕ್ ಸ್ಯಾಮ್ ತಡವಾಗಿ ಬಂದರು; ಪೂರ್ಣ ತಂಡವಿರಲಿಲ್ಲ, ಡ್ರಮ್ ನುಡಿಸಲು ಅಲ್ಲಿದ್ದ ಸ್ಯಾಮ್ ಲೇ ಅವರನ್ನು ಕರೆದುಕೊಳ್ಳಬೇಕಾಯಿತು. ಗಿಟಾರ್, ಬಾಸ್, ಡ್ರಮ್ ಮೂರರಿಂದಲೇ ಅವರು ನಡೆಸಿದ ಕಛೇರಿಯನ್ನು ಕೇಳಿದವರು ಉತ್ಸವದ ಶ್ರೇಷ್ಠ ಪ್ರದರ್ಶನಗಳಲ್ಲಿ ಒಂದೆಂದು ಕೊಂಡಾಡಿದರು. ಅದರ ಫಲ ಉಣ್ಣಲು ಅವರಿಗೆ ಕಾಲವಿರಲಿಲ್ಲ. ಅದೇ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಮರಣ ಹೊಂದಿದರು.

ಪ್ರಶ್ನೆ: ಇಟಲಿಯಲ್ಲಿ ಓದುತ್ತಿರುವ ಮಗ ಅಲ್ಲಿನ ಪೊರೆಟ್ಟಾ ಎಂಬ ಊರಿನ ಸೋಲ್ ಉತ್ಸವಕ್ಕೆ ಹೋಗಿದ್ದ. ಬೇರೆ ಬೇರೆ ಗಾಯಕರಿಗೂ ಒಂದೇ ವಾದ್ಯತಂಡ ನುಡಿಸುತ್ತಿತ್ತಂತೆ. ಇದು ಖರ್ಚು ಉಳಿಸುವ ಉಪಾಯವೇ?
— ಉಡುಪಿಯ ಓದುಗರೊಬ್ಬರು

ಉತ್ತರ: ಖರ್ಚೂ ಉಳಿಯುತ್ತದೆ, ನಿಜ. ಆದರೆ ಅದೊಂದೇ ಕಾರಣವಲ್ಲ. ಬೊಲೋನ್ಯಾ ನಗರದ ದಕ್ಷಿಣಕ್ಕೆ, ಅಪೆನೈನ್ ಬೆಟ್ಟಗಳ ನಡುವೆ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಪೊರೆಟ್ಟಾ ತೆರ್ಮೆಯಲ್ಲಿ, ಗ್ರಾತ್ಸಿಯಾನೊ ಉಲಿಯಾನಿ ಎಂಬವರು ಓಟಿಸ್ ರೆಡಿಂಗ್ ಸ್ಮರಣೆಗಾಗಿ 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಉತ್ಸವವಿದು. ಜುಲೈ ತಿಂಗಳಲ್ಲಿ ಹಲವು ದಿನ ನಡೆಯುತ್ತದೆ. ನಡೆಯುವ ಉದ್ಯಾನಕ್ಕೆ ಮೆಂಫಿಸ್ಸಿನ ಗಾಯಕ ರೂಫಸ್ ಥಾಮಸ್ ಅವರ ಹೆಸರಿಟ್ಟಿದ್ದಾರೆ. ಸ್ಟ್ಯಾಕ್ಸ್ ಕಂಪನಿಯಲ್ಲೂ ಡೆಟ್ರಾಯ್ಟ್ ನಗರದ ಮೋಟೌನ್ ಕಂಪನಿಯಲ್ಲೂ ಕಾಯಂ ವಾದಕರ ಒಂದೇ ತಂಡ ಹತ್ತಾರು ಗಾಯಕರಿಗೆ ನುಡಿಸುತ್ತಿದ್ದದ್ದರಿಂದಲೇ ಆ ಹಾಡುಗಳಿಗೆ ಗುರುತಿಸಬಲ್ಲ ಒಂದು ಛಾಪು ಬಂತು. ವಯಸ್ಸಾದ ಗಾಯಕರಲ್ಲಿ ಹಲವರಿಗೆ ಸ್ವಂತ ತಂಡವನ್ನು ಸಾಕುವ ಶಕ್ತಿಯೂ ಇಲ್ಲ. ಕೊಂಬುವಾದ್ಯಗಳೂ ಆರ್ಗನ್ನೂ ಇರುವ ಪೂರ್ಣ ತಂಡ ಬೆನ್ನಿಗೆ ಸಿಕ್ಕಾಗ ಅವರು ಹಳೆಯ ಹಾಡುಗಳನ್ನು ಮೂಲದ ವೈಭವದಲ್ಲಿ ಹಾಡಬಲ್ಲರು. ಮಗ ಮತ್ತೆ ಹೋದರೆ ತಂಡದ ನಾಯಕರ ಕೈಯನ್ನು ನೋಡಲು ಹೇಳಿ. ಗಾಯಕರು ಅಂತ್ಯವನ್ನು ಇನ್ನೊಂದು ಸುತ್ತು ಎಳೆಯುತ್ತಾರೋ, ಅಲ್ಲಿಯೇ ನಿಲ್ಲಿಸುತ್ತಾರೋ ಎಂಬುದು ಅವರ ಭುಜದ ಚಲನೆಯಿಂದ ನಾಯಕರಿಗೆ, ನಾಯಕರ ಮುಷ್ಟಿಯಿಂದ ತಂಡಕ್ಕೆ ತಿಳಿಯುತ್ತದೆ.

ಪ್ರಶ್ನೆ: ಮುಂಬಯಿಯಲ್ಲಿರುವ ನಮ್ಮಂಥವರಿಗೆ ಇದನ್ನೆಲ್ಲ ನೋಡುವ ಅವಕಾಶವಿದೆಯೇ? ಕೊನೆಯ ದಿನದ ಜಾಮ್ ತಪ್ಪಿಸಬಾರದೆಂದು ಎಲ್ಲರೂ ಹೇಳುತ್ತಾರೆ.
— ಮಾಟುಂಗದ ಕನ್ನಡಿಗರೊಬ್ಬರು

ಉತ್ತರ: ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಿಂದ ಫೆಬ್ರವರಿಯ ಎರಡು ದಿನಗಳ ಮಹೀಂದ್ರಾ ಬ್ಲೂಸ್ ಉತ್ಸವ ನಡೆದುಬಂದಿದೆ, ಬಡ್ಡಿ ಗಾಯ್ ಅಲ್ಲಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಂದಿದ್ದಾರೆ. ಎಲ್ಲ ಕಲಾವಿದರೂ ಒಟ್ಟಿಗೆ ನಿಲ್ಲುವ ಕೊನೆಯ ಜಾಮ್ ನೋಡಲು ಸೊಗಸು, ಕೇಳಲು ಅಷ್ಟಕ್ಕಷ್ಟೆ. ಶ್ರುತಿ ಯಾವುದೆಂದು ಕೂಗಿ ಹೇಳಿದ ಮೇಲೆ ಒಬ್ಬೊಬ್ಬರೂ ಹನ್ನೆರಡು ಬಾರುಗಳ ಸರದಿ ತೆಗೆದುಕೊಳ್ಳುತ್ತಾರೆ. ಐದಾರು ಗಿಟಾರುಗಳು ಒಂದೇ ಎತ್ತರದಲ್ಲಿ ನಿಂತಾಗ, ಮೊದಲೇ ಹೇಳಿದ ಆ ಏರಿಳಿತಕ್ಕೆ ಜಾಗವೇ ಉಳಿಯುವುದಿಲ್ಲ. ನಾನಾದರೆ ಆ ಶ್ರಮವನ್ನು ಷಿಲ್ಲಾಂಗಿನ ಸೋಲ್‌ಮೇಟ್ ತಂಡ ಎಲ್ಲಿ ಹಾಡುತ್ತದೆಂದು ವಿಚಾರಿಸಲು ಬಳಸುತ್ತೇನೆ. ಗಿಟಾರ್ ವಾದಕ ರೂಡಿ ವಾಲಾಂಗ್ ಮತ್ತು ಗಾಯಕಿ ಟಿಪ್ರಿಟಿ ಖಾರ್ಬಂಗಾರ್ 2003ರಲ್ಲಿ ಕಟ್ಟಿದ ಈ ತಂಡ ಮೆಂಫಿಸ್ಸಿನ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆಯಲ್ಲೂ ನುಡಿಸಿ ಬಂದಿದೆ. ಟಿಪ್ರಿಟಿಯವರು ನಿಧಾನಗತಿಯ ಹಾಡೊಂದರಲ್ಲಿ ದನಿ ಏರಿಸುವ ಮೊದಲು ಎಷ್ಟು ಹೊತ್ತು ತಡೆದು ನಿಲ್ಲುತ್ತಾರೆಂಬುದನ್ನು ಗಮನಿಸಿ.