ಭಾವನ ಶಿಕ್ಷೆಗೆ ಅಪೀಲು: ಮೊದಲು ಆ 14 ದಿನ ನೋಡಿ

ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ಕೋರ್ಟಿನ ಓಡಾಟ ನಿಮ್ಮ ತಲೆಗೆ ಬಂದಿದೆ. ನೀವು ಬರೆದದ್ದು ಇಷ್ಟು. ಭಾವ ಇಲ್ಲಿನ ಸಿಟಿಜನ್. ವೈರ್ ಫ್ರಾಡ್ (ಫೋನು, ಇಂಟರ್ನೆಟ್ಟಿನಂಥವುಗಳ ಮೂಲಕ ಮಾಡುವ ಮೋಸ) ಕೇಸಿನಲ್ಲಿ ಫೆಡರಲ್ ಜೈಲು ಮುಗಿಸಿ ಸೂಪರ್‌ವೈಸ್ಡ್ ರಿಲೀಸ್‌ನಲ್ಲಿದ್ದರು, ಅಂದರೆ ಹೊರಗಿದ್ದರೂ ಕೋರ್ಟಿನ ಷರತ್ತು, ನಿಗಾದಲ್ಲಿರುವ ಬಿಡುಗಡೆ. ಆ ನಿಗಾ ನೋಡಿಕೊಳ್ಳುವ ಪ್ರೊಬೇಷನ್ ಆಫೀಸರಿಗೆ ತಿಳಿಸದೆ ಮನೆ ಬದಲಿಸಿದರು. ಕೆಲಸಕ್ಕೆಂದು ಸ್ಯಾನ್ ಹೋಸೆಯಿಂದ ಡಲ್ಲಾಸ್‌ಗೆ ಅನುಮತಿ ಇಲ್ಲದೆ ಹೋಗಿ ಬಂದರು. ಕಳೆದ ವಾರ ಜಡ್ಜ್ ಆ ಬಿಡುಗಡೆ ರದ್ದು ಮಾಡಿ 12 ತಿಂಗಳು ಜೈಲು ಕೊಟ್ಟಿದ್ದಾರೆ. ಅಪೀಲು ಹಾಕಬಹುದಾ, ಅಕ್ಕನಿಗೆ ಏನು ಹೇಳಲಿ, ನನ್ನ ವೀಸಾಗೆ ತೊಂದರೆಯಾ ಅಂತ ಕೇಳಿದ್ದೀರಿ.

ವೀಸಾ ಚಿಂತೆ ಬಿಡಿ. ಭಾವನ ಶಿಕ್ಷೆ ನಿಮ್ಮ ಎಚ್ ಒನ್ ಬಿ ಕೆಲಸದ ವೀಸಾಗೆ ತಟ್ಟುವುದಿಲ್ಲ. ಯಾವ ಅಧಿಕಾರಿ ನಿಮ್ಮನ್ನೇನಾದರೂ ಕೇಳಿದರೂ ಸುಳ್ಳು ಮಾತ್ರ ಹೇಳಬೇಡಿ.

ನಾನು ವಕೀಲನಲ್ಲ. ಇಂಥದೇ ಕೇಸಿನಲ್ಲಿ ಒಬ್ಬ ಗೆಳೆಯನ ಮನೆಯವರ ಜೊತೆ ಕೊನೆಯವರೆಗೂ ಇದ್ದೆ. ಹಾಗಾಗಿ ಗೊತ್ತಿರೋದನ್ನು ಹೇಳುತ್ತೇನೆ.

ಅಪೀಲು ಹಾಕಬಹುದು. ಆದರೆ ಜಡ್ಜ್‌ಮೆಂಟ್ ಕೋರ್ಟಿನ ದಾಖಲೆಗೆ ಸೇರಿದ ದಿನದಿಂದ 14 ದಿನದೊಳಗೆ ನೋಟಿಸ್ ಆಫ್ ಅಪೀಲ್, ಅಂದರೆ ಅಪೀಲು ಹಾಕುತ್ತೇವೆ ಅನ್ನೋ ಸೂಚನೆ, ಸಲ್ಲಿಸಬೇಕು. ಅದು ಒಂದು ಪುಟದ ಕಾಗದ, ಅಷ್ಟೇ. ವಾದವನ್ನೆಲ್ಲ ಅದರಲ್ಲಿ ಬರೆಯಬೇಕಿಲ್ಲ. ಶಿಕ್ಷೆ ಕೊಟ್ಟ ಡಿಸ್ಟ್ರಿಕ್ಟ್ ಕೋರ್ಟಿಗೇ ಕೊಡುವುದು, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ನೈಂತ್ ಸರ್ಕ್ಯೂಟ್ ಅನ್ನೋ ಮೇಲ್ಮನವಿ ಕೋರ್ಟಿಗೆ ಹೋಗುತ್ತದೆ. ಫೀಸು 605 ಡಾಲರ್. ಭಾವನಿಗೆ ಕೋರ್ಟೇ ವಕೀಲರನ್ನು ಕೊಟ್ಟಿದ್ದರೆ ಅದೂ ಇಲ್ಲ. ದಿನ ತಪ್ಪಿದರೆ, ಗಟ್ಟಿ ಕಾರಣವಿದ್ದರೆ, ಜಡ್ಜ್ ಇನ್ನೂ 30 ದಿನದವರೆಗೆ ಕೊಡಬಹುದು. ಅದನ್ನು ನಂಬಿಕೊಂಡು ಕೂರಬೇಡಿ. ಇನ್ನೊಂದು ವಿಷಯ, ಅಪೀಲು ಬೇಕು ಅಂತ ಭಾವನೇ ವಕೀಲರಿಗೆ ಹೇಳಬೇಕು. ನೀವೋ ಅಕ್ಕನೋ ಹೇಳಿದರೆ ಸಾಲದು.

ಈಗ ಅಪೀಲಿನಲ್ಲಿ ಏನು ವಾದಿಸುವುದು? ಭಾವ ಹೋದದ್ದು ತಪ್ಪಲ್ಲ, ಮನೆ ಖರ್ಚಿಗೆ ದುಡ್ಡು ಬೇಕಿತ್ತು ಅಂತ ಮತ್ತೆ ಹೇಳುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇಂಥ ವಿಚಾರಣೆಯಲ್ಲಿ ಜ್ಯೂರಿ ಇಲ್ಲ. ನಿಯಮ ಮುರಿದಿರುವ ಸಾಧ್ಯತೆಯೇ ಜಾಸ್ತಿ ಅಂತ ಜಡ್ಜ್‌ಗೆ ಅನ್ನಿಸಿದರೆ ಸಾಕು. ಮೇಲಾಗಿ ಭಾವ ಒಪ್ಪಿಕೊಂಡಿದ್ದಾರೆ. ಮೇಲಿನ ಕೋರ್ಟು ಹೊಸ ಸಾಕ್ಷಿ ಕೇಳುವುದೂ ಇಲ್ಲ.

ನೋಡಬೇಕಾದ್ದು ಶಿಕ್ಷೆಯನ್ನು. ಇಂಥ ತಪ್ಪು ಗ್ರೇಡ್ ಸಿ, ಎಲ್ಲಕ್ಕಿಂತ ಕೆಳಗಿನದು. ಹಿಂದೆ ಬೇರೆ ಕೇಸಿಲ್ಲದವರಿಗೆ ಫೆಡರಲ್ ಶಿಕ್ಷೆಯ ಗೈಡ್‌ಲೈನ್ ಹೇಳುವುದು 3ರಿಂದ 9 ತಿಂಗಳು. ಅದು ಸಲಹೆ ಮಾತ್ರ. ವೈರ್ ಫ್ರಾಡ್‌ನಂಥ ಕೇಸಿನಲ್ಲಿ ಬಿಡುಗಡೆ ರದ್ದಾದರೆ ಕಾನೂನಿನ ಮಿತಿ ಸಾಮಾನ್ಯವಾಗಿ 2 ವರ್ಷ. ಹಾಗಾಗಿ 12 ತಿಂಗಳು ಅಂದಾಕ್ಷಣ ಅನ್ಯಾಯ ಅಂತ ಹೇಳಲಾಗದು. ಜಾಸ್ತಿ ಯಾಕೆ ಕೊಟ್ಟರು, ಏನು ಕಾರಣ ಹೇಳಿದರು, ಅದು ಮುಖ್ಯ.

ಇಲ್ಲೇ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ಅಷ್ಟು ಜನರಿಗೆ ಮೋಸ ಮಾಡಿದವರಿಗೆ ಇದು ತಕ್ಕ ಶಿಕ್ಷೆ' ಅಂತ ಜಡ್ಜ್ ಹೇಳಿದ್ದನ್ನು ಅಕ್ಕ ಕೇಳಿಸಿಕೊಂಡರು ಅಂತ ಬರೆದಿದ್ದೀರಿ. ಆ ಮೋಸಕ್ಕೆ ಭಾವ ಆಗಲೇ ಜೈಲಿನಲ್ಲಿದ್ದು ಬಂದಿದ್ದಾರೆ, ಅಲ್ವಾ? 2025ರ ಜೂನ್ 20ರಂದು ಸುಪ್ರೀಂ ಕೋರ್ಟು ಎಸ್ಟೆರಾಸ್ ಕೇಸಿನಲ್ಲಿ ಇದನ್ನೇ ಹೇಳಿತು. ಬಿಡುಗಡೆ ರದ್ದು ಮಾಡುವಾಗ ಮೂಲ ಅಪರಾಧಕ್ಕೆ ಮತ್ತೆ ದಂಡಿಸುವುದನ್ನು ಜಡ್ಜ್ ಲೆಕ್ಕಕ್ಕೆ ತಗೊಳ್ಳುವಂತಿಲ್ಲ. ಮುಂದೆ ತಪ್ಪು ಮಾಡದಂತೆ ತಡೆಯಲು, ಜನರ ರಕ್ಷಣೆಗೆ ಅಂತ ಕೊಡಬಹುದು. ಹಳೆಯ ತಪ್ಪಿನ ಸೇಡಿಗೆ ಕೊಡಬಾರದು. ತೀರ್ಪು 7–2.

ಆ ಮಾತಿಗೆ ವಕೀಲರು ಅಲ್ಲೇ ಎದ್ದು ಆಕ್ಷೇಪ ಎತ್ತಿದ್ದರಾ ಅಂತ ಕೇಳಿ. ಎತ್ತಿದ್ದರೆ ದಾರಿ ಸಲೀಸು. ಎತ್ತದಿದ್ದರೆ, ಜಡ್ಜ್ ನಿಜಕ್ಕೂ ಆ ಕಾರಣವನ್ನೇ ನೆಚ್ಚಿಕೊಂಡರು ಅನ್ನೋದು ಎದ್ದು ಕಾಣಬೇಕು. ಕಷ್ಟ, ಆದರೆ ಆಗದ್ದಲ್ಲ. ಶಿಕ್ಷೆ ಅತಿಯಾಯಿತು ಅನ್ನೋ ವಾದ ಬೇರೆ. ಕಡಿಮೆ ಶಿಕ್ಷೆ ಕೊಡಿ ಅಂತ ವಕೀಲರು ಮೊದಲೇ ಕೇಳಿದ್ದರೆ ಆ ವಾದಕ್ಕೆ ಅಷ್ಟೇ ಸಾಕು, ಬೇರೆ ಆಕ್ಷೇಪ ಬೇಕಿಲ್ಲ ಅಂತ 2020ರಲ್ಲಿ ಹೊಲ್ಗಿನ್ ಹೆರ್ನಾಂಡೆಜ್ ಕೇಸಿನಲ್ಲಿ ತೀರ್ಪಾಗಿದೆ. ಅದೂ ಹೀಗೆ ಬಿಡುಗಡೆ ರದ್ದಾದ ಕೇಸೇ.

ಅದಕ್ಕೇ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕೋರ್ಟಿನಲ್ಲಿ ಆಡಿದ ಮಾತುಗಳ ಬರಹದ ದಾಖಲೆ, ತರಿಸಬೇಕು. ಅಕ್ಕನ ನೆನಪು ಎಷ್ಟೇ ಗಟ್ಟಿಯಾಗಿದ್ದರೂ ಮೇಲಿನ ಕೋರ್ಟು ನೋಡುವುದು ಅದರಲ್ಲಿರುವ ಮಾತನ್ನೇ.

ಕಹಿ ವಿಷಯವನ್ನೂ ಹೇಳಬೇಕು. ನಮ್ಮೂರಿನಲ್ಲಿ ಅಪೀಲು ಹಾಕಿದರೆ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡೋದುಂಟು. ಇಲ್ಲೂ ಕೇಳಬಹುದು, ಸಿಗೋದು ಅಪರೂಪ. ತೀರ್ಪು ಬರುವಷ್ಟರಲ್ಲಿ ಭಾವನ 12 ತಿಂಗಳೇ ಮುಗಿದಿರಬಹುದು. ಮುಂದೆ ಸೂಪರ್‌ವೈಸ್ಡ್ ರಿಲೀಸ್ ಬಾಕಿ ಇಲ್ಲದಿದ್ದರೆ, ಇನ್ನು ಕೊಡುವ ಪರಿಹಾರ ಏನೂ ಇಲ್ಲ ಅಂತ ಕೋರ್ಟು ಅಪೀಲನ್ನೇ ಮುಚ್ಚಿಬಿಡಬಹುದು. ಆದ್ದರಿಂದ ಬೇಗ ಕೇಳಿ ತೀರ್ಮಾನಿಸಿ ಅಂತ ಅರ್ಜಿ ಹಾಕಲು ಮೊದಲ ದಿನವೇ ವಕೀಲರನ್ನು ಒತ್ತಾಯಿಸಿ. ಗೆದ್ದರೂ ಕೇಸು ಸಾಮಾನ್ಯವಾಗಿ ಅದೇ ಜಡ್ಜ್ ಹತ್ತಿರ ಮರುಶಿಕ್ಷೆಗೆ ವಾಪಸಾಗುತ್ತದೆ.

ಹಾಗೆ ವಾಪಸಾದರೆ ಒಂದು ಸಂಗತಿ ನೆನಪಿಡಿ. ಒಳ್ಳೆಯ ನಡತೆಗೆ ಸಿಗುವ ಕಡಿತ, ವರ್ಷಕ್ಕೆ 54 ದಿನದವರೆಗೆ, ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯಾದವರಿಗೆ ಮಾತ್ರ. ಸರಿಯಾಗಿ 12 ತಿಂಗಳಿದ್ದರೆ ಒಂದು ದಿನವೂ ಇಲ್ಲ. ಶಿಕ್ಷೆ ಇಳಿಯುವ ಹಾಗೆ ಕಾಣದಿದ್ದರೆ ವಕೀಲರು 'ಒಂದು ವರ್ಷ ಒಂದು ದಿನ' ಕೊಡಿ ಅಂತ ಕೇಳುತ್ತಾರೆ. ಕಾಗದದ ಮೇಲೆ ಒಂದು ದಿನ ಜಾಸ್ತಿ, ಮನೆಗೆ ಬರೋದು ಮಾತ್ರ ಒಂದು ತಿಂಗಳಿಗಿಂತ ಹೆಚ್ಚು ಮುಂಚೆ.

ಜೈಲಿನಿಂದ ಭಾವ ಮಾಡುವ ಫೋನು ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತೆ ಅಂದುಕೊಳ್ಳಬೇಡಿ. ಕೇಸಿನ ವಿವರ ವಕೀಲರ ಜೊತೆ ಮಾತ್ರ. ಜಡ್ಜ್‌ಗೆ ನೀವೇ ಪತ್ರ ಬರೆಯಲೂ ಹೋಗಬೇಡಿ, ಏನಿದ್ದರೂ ವಕೀಲರ ಕೈಗೆ ಕೊಡಿ.

ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ಇದ್ದದ್ದನ್ನೇ ಹೇಳಿ. ಅಪೀಲು ಹಾಕಿದ್ದೇವೆ, ಇನ್ನೇನು ಬಂದುಬಿಡುತ್ತಾರೆ ಅಂತ ಸುಮ್ನೆ ಆಸೆ ಹುಟ್ಟಿಸಬೇಡಿ. ಜಡ್ಜ್‌ಮೆಂಟ್ ದಾಖಲಾದ ತಾರೀಖು ಯಾವುದು ಅಂತ ಇವತ್ತೇ ವಕೀಲರನ್ನು ಕೇಳಿ ನನಗೂ ತಿಳಿಸಿ. ವಕೀಲರ ಆಫೀಸಿಗೆ ಹೋಗುವಾಗ ಅಕ್ಕನ ಜೊತೆಗೆ ಯಾರಾದರೂ ಬೇಕಿದ್ದರೆ ನಾನೂ ನನ್ನ ಹೆಂಡತಿಯೂ ಬರುತ್ತೇವೆ.