ಗುಜರಿ ಕೀಬೋರ್ಡ್ ಬೋರ್ಡಿನಿಂದ ಡ್ಯಾನ್ಸ್ ಪ್ಯಾಡ್: ವೈರ್ ಎಲ್ಲಿ ಹಿಡಿಸಬೇಕು, ಹೇಗೆ ಹಿಡಿಸಬೇಕು

ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗಳಿಗೆ ಸ್ಟೆಪ್‌ಮೇನಿಯಾ (ಪರದೆ ಮೇಲೆ ಬರುವ ಬಾಣಕ್ಕೆ ತಕ್ಕ ಹಾಗೆ ಹೆಜ್ಜೆ ಹಾಕುವ ಕಂಪ್ಯೂಟರ್ ಆಟ) ಆಡೋಕೆ ಪ್ಲೈವುಡ್ಡಿನಲ್ಲಿ ಕಾಲಲ್ಲಿ ತುಳಿಯುವ ಪ್ಯಾಡ್ ಮಾಡುತ್ತಿದ್ದೀರಿ. ಹಳೆಯ ಯುಎಸ್‌ಬಿ ಕೀಬೋರ್ಡ್ ಬಿಚ್ಚಿ ಒಳಗಿನ ಸಣ್ಣ ಬೋರ್ಡ್ ತೆಗೆದಿದ್ದೀರಿ. ಬಾಣದ ನಾಲ್ಕು ಕೀಗಳ ಜಾಗ ಹುಡುಕಿ, ಅಲ್ಲಿಂದ ತುಳಿಯುವ ನಾಲ್ಕು ಫಲಕಗಳಿಗೆ ವೈರ್ ಎಳೆದಿದ್ದೀರಿ, ಕೆಳಗೆ ಎಲ್ಲದಕ್ಕೂ ಸೇರಿ ಒಂದೇ ತಗಡು ಹಾಸಿದ್ದೀರಿ. ಈಗ ಎಡ ತುಳಿದರೆ ಎಡದ ಜೊತೆ ಇನ್ನೊಂದು ಬಾಣವೂ ಬೀಳುತ್ತದೆ. ಬೋರ್ಡಿನ ಕಪ್ಪು ಪಟ್ಟಿಗಳ ಮೇಲೆ ಲೆಡ್ (ಬೆಸುಗೆ ಹಾಕುವ ತಂತಿ) ಸರಿಯಾಗಿ ಕೂರುತ್ತಿಲ್ಲ. ಬೋರ್ಡ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಕೆಟ್ಟಿಲ್ಲ. ಎರಡಕ್ಕೂ ಕಾರಣ ಇದೆ.

ಮೊದಲು ಬಾಣದ ವಿಷಯ. ಕೀಬೋರ್ಡಿನಲ್ಲಿ ಎಲ್ಲ ಕೀಗಳಿಗೂ ಸೇರಿ ಒಂದೇ ಗ್ರೌಂಡ್ (ಎಲ್ಲದಕ್ಕೂ ಸಮಾನವಾದ ಗೆರೆ) ಇರುವುದಿಲ್ಲ. ಒಳಗಿರುವುದು ಅಡ್ಡ ಗೆರೆ, ಉದ್ದ ಗೆರೆಗಳ ಜಾಲ. ಸಾಮಾನ್ಯವಾಗಿ ಒಂದು ಕಡೆ 8 ಗೆರೆ, ಇನ್ನೊಂದು ಕಡೆ 18ರ ಹತ್ತಿರ ಗೆರೆ. ಒಂದು ಅಡ್ಡ ಗೆರೆ ಒಂದು ಉದ್ದ ಗೆರೆಗೆ ತಾಗಿದರೆ ಒಂದು ಅಕ್ಷರ. ಬಹಳ ಕೀಬೋರ್ಡುಗಳಲ್ಲಿ ನಾಲ್ಕು ಬಾಣದ ಕೀಗಳು ಒಂದೇ ಗೆರೆಯ ಮೇಲೆ ಇರುವುದಿಲ್ಲ. ನೀವು ಒಂದೇ ತಗಡು ಹಾಸಿದಾಗ ಬೇರೆ ಬೇರೆ ಇರಬೇಕಾದ ಎರಡು ಗೆರೆಗಳು ಆ ತಗಡಿನ ಮೂಲಕ ಸೇರಿಬಿಟ್ಟಿವೆ. ಆಮೇಲೆ ಒಂದು ಫಲಕ ತುಳಿದರೆ ಎರಡು ಕೀ ಒತ್ತಿದ ಹಾಗೆ. ಬೋರ್ಡ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ಪರಿಹಾರ ಸುಲಭ: ಬಾಣದ ಕೀಗಳನ್ನು ಮರೆತುಬಿಡಿ. ಒಂದೇ ಗೆರೆಯ ಮೇಲೆ ಬರುವ ಯಾವುದಾದರೂ ನಾಲ್ಕು ಅಕ್ಷರ ಆರಿಸಿ. ಆ ಒಂದು ಗೆರೆಯೇ ನಿಮ್ಮ ತಗಡು. ಆ ನಾಲ್ಕು ಅಕ್ಷರಗಳ ಎದುರು ಕಡೆಯ ನಾಲ್ಕು ಗೆರೆಗಳು ನಾಲ್ಕು ಫಲಕಕ್ಕೆ. ಒಟ್ಟು ಐದೇ ವೈರ್. ಹೀಗೆ ಮಾಡಿದರೆ ಎಷ್ಟು ಫಲಕ ಒಟ್ಟಿಗೆ ತುಳಿದರೂ ಸುಳ್ಳು ಅಕ್ಷರ ಬರುವುದಿಲ್ಲ. ಮುಂದೆ ಇಬ್ಬರು ಆಡೋ ಹಾಗೆ ಎರಡನೇ ಪ್ಯಾಡ್ ಸೇರಿಸಿದರೂ ಅದೇ ಗೆರೆಯಿಂದ ಎಂಟು ಅಕ್ಷರ ತೆಗೆದುಕೊಂಡರೆ ಸಾಕು.

ಹುಡುಕುವುದು ಹೀಗೆ. ಬೋರ್ಡ್ ಕಂಪ್ಯೂಟರಿಗೆ ಹಾಕಿ, ನೋಟ್‌ಪ್ಯಾಡ್ ತೆರೆಯಿರಿ. ಒಂದು ಸಣ್ಣ ವೈರಿನ ಒಂದು ತುದಿಯನ್ನು 8 ಗೆರೆಗಳ ಕಡೆಯ ಒಂದು ಪಟ್ಟಿಗೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಎದುರು ಕಡೆಯ ಪಟ್ಟಿಗಳಿಗೆ ಒಂದೊಂದಾಗಿ ಮುಟ್ಟಿಸುತ್ತ ಹೋಗಿ. ಪರದೆ ಮೇಲೆ ಬಂದ ಅಕ್ಷರವನ್ನು ಪಟ್ಟಿಯ ಸಂಖ್ಯೆಯ ಮುಂದೆ ಬರೆದುಕೊಳ್ಳಿ. ಅವಸರ ಬೇಡ, ಅರ್ಧ ಗಂಟೆಯ ಕೆಲಸ. ಕಂಟ್ರೋಲ್, ಶಿಫ್ಟ್, ಆಲ್ಟ್, ವಿಂಡೋಸ್ ಕೀ ಬಂದರೆ ಬಿಟ್ಟುಬಿಡಿ, ಆಟದ ಮಧ್ಯೆ ಅವು ಕಾಟ ಕೊಡುತ್ತವೆ. ಸಾದಾ ಅಕ್ಷರ ಸಿಕ್ಕರೆ ಒಳ್ಳೆಯದು. ಸ್ಟೆಪ್‌ಮೇನಿಯಾದ ಆಯ್ಕೆಗಳಲ್ಲಿ ಯಾವ ಕೀ ಯಾವ ಬಾಣ ಅಂತ ನೀವೇ ಹೇಳಬಹುದು, ಹಾಗಾಗಿ ಅಕ್ಷರ ಯಾವುದಾದರೂ ನಡೆಯುತ್ತದೆ.

ಈ ಚರ್ಚೆಯಲ್ಲಿ ಮೇಲೆ ಒಬ್ಬರು, ಕೀಬೋರ್ಡ್ ಬೋರ್ಡಿನ ಬದಲು ಕೈಯಲ್ಲಿ ಹಿಡಿದು ಆಡುವ ಗೇಮ್‌ಪ್ಯಾಡ್ ಬೋರ್ಡ್ ಹಾಕಿ ಅಂದಿದ್ದಾರೆ. ಅದೂ ಚೆನ್ನಾಗಿರುತ್ತದೆ. ಬಹಳಷ್ಟರಲ್ಲಿ ಬಟನ್‌ಗಳಿಗೆ ಗ್ರೌಂಡ್ ಒಂದೇ, ಈ ಜಾಲದ ತಲೆನೋವು ಇಲ್ಲ. ಆದರೆ ಅದರಲ್ಲಿರುವ ದಿಕ್ಕಿನ ಬಟನ್‌ಗಳಿಗೆ ಮಾತ್ರ ವೈರ್ ಹಾಕಬೇಡಿ. ಎಷ್ಟೋ ಗೇಮ್‌ಪ್ಯಾಡ್‌ಗಳು ದಿಕ್ಕನ್ನು ಒಂದೇ ಸಂಖ್ಯೆಯಾಗಿ ಕಳಿಸುತ್ತವೆ. ಎಡ ಮತ್ತು ಬಲ ಒಟ್ಟಿಗೆ ಅನ್ನೋದಕ್ಕೆ ಅದರಲ್ಲಿ ಜಾಗವೇ ಇಲ್ಲ. ಕಾಲಲ್ಲಿ ಆಡುವ ಆಟದಲ್ಲಿ ಎಡ-ಬಲ ಜಿಗಿತ ಪದೇ ಪದೇ ಬರುತ್ತದೆ ಅಲ್ವಾ? 1998ರಲ್ಲಿ ಜಪಾನಿನ ಕೊನಾಮಿ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ತಂದಾಗಿನಿಂದ ಈ ಆಟದ ಜೀವವೇ ಎರಡು ಕಾಲಿನ ಜಿಗಿತ. ಹಾಗಾಗಿ ಬಲಗಡೆಯ ನಾಲ್ಕು ಬಟನ್‌ಗಳಿಗೇ ವೈರ್ ಹಾಕಿ.

ಈಗ ಲೆಡ್ ಹಿಡಿಯದ ವಿಷಯ. ಆ ಕಪ್ಪು ಪಟ್ಟಿ ಇಂಗಾಲದ ಲೇಪ. ಅದಕ್ಕೆ ಎಷ್ಟು ಪೇಸ್ಟ್ ಹಚ್ಚಿದರೂ ಲೆಡ್ ಅಂಟುವುದಿಲ್ಲ, ಉಂಡೆಯಾಗಿ ಉರುಳುತ್ತದೆ. ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆಯಿರಿ. ಬಹಳ ಬೋರ್ಡುಗಳಲ್ಲಿ ಕೆಳಗೆ ಹೊಳೆಯುವ ತಾಮ್ರ ಕಾಣುತ್ತದೆ. ಕಾಣದಿದ್ದರೆ ಜಾಸ್ತಿ ಕೆರೆಯಬೇಡಿ. ಆ ಪಟ್ಟಿಯಿಂದ ಹೊರಟ ಗೆರೆಯನ್ನೇ ಹಿಂಬಾಲಿಸಿ, ಹಸಿರು ಬಣ್ಣದ ಕೆಳಗೆ ತಾಮ್ರ ಇರುವ ಕಡೆ ಮೂರು ಮಿಲಿಮೀಟರ್‌ನಷ್ಟು ಬಣ್ಣ ತೆಗೆಯಿರಿ. ಐಸಿ (ಚಿಪ್) ಇರುವ ಕಪ್ಪು ಗುಳ್ಳೆಯ ಹತ್ತಿರ ಮಾತ್ರ ಬಿಸಿ ತೋರಿಸಬೇಡಿ.

25 ವ್ಯಾಟಿನ ಬೆಸುಗೆ ಐರನ್ ಸಾಕು. ಲೆಡ್ 60/40 (60 ಪಾಲು ತವರ, 40 ಪಾಲು ಸೀಸ) ತೆಗೆದುಕೊಳ್ಳಿ, ತೆಳ್ಳಗಿನದು. ಅದು 190 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಸೀಸ ಇಲ್ಲದ್ದು 220ರ ಹತ್ತಿರ ಬೇಕು, ಈ ಸಣ್ಣ ಬೋರ್ಡಿಗೆ ಅಷ್ಟು ಬಿಸಿ ಬೇಡ. ಕೊಳಾಯಿ ಕೆಲಸದ ಆಸಿಡ್ ಪೇಸ್ಟ್ ಬೇಡವೇ ಬೇಡ, ನಿಧಾನವಾಗಿ ತಾಮ್ರ ತಿನ್ನುತ್ತದೆ. ಕೆರೆದ ಜಾಗಕ್ಕೆ ಮೊದಲು ಒಂದು ಹನಿ ಲೆಡ್ ಕೂರಿಸಿ. ವೈರಿನ ತುದಿಗೂ ಬೇರೆಯಾಗಿ ಲೆಡ್ ಹಿಡಿಸಿ. ಆಮೇಲೆ ಎರಡನ್ನೂ ಜೋಡಿಸಿ ಐರನ್ ಎರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಆರುವ ತನಕ ವೈರ್ ಅಲ್ಲಾಡಬಾರದು. ಅಲ್ಲಾಡಿದರೆ ಮಂಕಾದ ಬೂದು ಬಣ್ಣ ಬರುತ್ತದೆ. ಆ ಜಾಯಿಂಟ್ ನಂಬಬೇಡಿ, ಮತ್ತೆ ಮಾಡಿ. ಕಿಟಕಿ ತೆರೆದಿರಲಿ, ಮಗಳು ಪಕ್ಕದಲ್ಲಿ ಬಗ್ಗಿ ನೋಡುತ್ತ ಕೂರುವುದು ಬೇಡ, ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೆಯಿರಿ.

ನನ್ನ ಮೊದಲ ಪ್ಯಾಡ್ ಹಾಳಾಗಿದ್ದು ಬೆಸುಗೆಯಿಂದ ಅಲ್ಲ, ಎಳೆತದಿಂದ. ಬೋರ್ಡನ್ನು ಪ್ಲೈವುಡ್ಡಿನ ಕೆಳಗೇ ಅಂಟಿಸಿದ್ದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಅಕ್ಕನ ಮಗ ಜಿಗಿಯುತ್ತಿದ್ದಾಗ ಬಲ ಬಾಣ ಸತ್ತುಹೋಯಿತು. ಬಿಚ್ಚಿ ನೋಡಿದರೆ ಜಾಯಿಂಟ್ ಹಾಗೇ ಇತ್ತು. ಅದರ ಕೆಳಗಿನ ತಾಮ್ರವೇ ಮೀನಿನ ಪೊರೆಯ ಹಾಗೆ ಬೋರ್ಡಿನಿಂದ ಎದ್ದು, ವೈರಿನ ತುದಿಯಲ್ಲಿ ನೇತಾಡುತ್ತಿತ್ತು. ಪ್ರತಿ ಹೆಜ್ಜೆಗೂ ವೈರ್ ಕೂದಲೆಳೆಯಷ್ಟು ಎಳೆದಿದೆ, ಅಂಥ ಸಾವಿರಾರು ಹೆಜ್ಜೆ. ಗೆರೆಯ ಮೇಲ್ಗಡೆ ಇನ್ನಷ್ಟು ಬಣ್ಣ ಕೆರೆದು ಸರಿಮಾಡಿದೆ. ಆದರೆ ಅವತ್ತಿನಿಂದ ಬೋರ್ಡನ್ನು ಪ್ಯಾಡಿನ ಒಳಗೆ ಇಡುವುದಿಲ್ಲ.

ಹಾಗಾಗಿ ಬೋರ್ಡನ್ನು ಒಂದು ಸೋಪಿನ ಡಬ್ಬಿಯಲ್ಲಿ ಹಾಕಿ ಪ್ಯಾಡಿನ ಹೊರಗೆ ಇಡಿ. ಡಬ್ಬಿಗೂ ಪ್ಯಾಡಿಗೂ ಮಧ್ಯೆ ಸ್ಕ್ರೂ ಹಾಕುವ ಕನೆಕ್ಟರ್ ಇರಲಿ. ಬೋರ್ಡಿನ ಜಾಯಿಂಟ್ ಮೇಲೆ ಗ್ಲೂ ಗನ್ನಿನ ಅಂಟು ಹಾಕಿ, ವೈರುಗಳನ್ನು ಡಬ್ಬಿಯ ತೂತಿನ ಒಳಗಡೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಿರಿ. ಯಾರಾದರೂ ವೈರಿಗೆ ಕಾಲು ಎಡವಿದರೂ ಎಳೆತ ಆ ಟ್ಯಾಗಿಗೆ ಬೀಳಬೇಕು. ಗೋಡೆಯೊಳಗೆ ಎಳೆಯುವ ನೆಟ್‌ವರ್ಕ್ ಕೇಬಲ್ಲಿನ ಗಟ್ಟಿ ಒಂಟಿ ತಂತಿ ಬೇಡ, ಬಾಗಿ ಬಾಗಿ ಮುರಿಯುತ್ತದೆ. ಎಳೆ ಎಳೆ ತಂತಿಯ ವೈರ್ ಬೇಕು. ಹಳೆಯ ಹಾರ್ಡ್‌ಡಿಸ್ಕಿನ ಅಗಲವಾದ ರಿಬ್ಬನ್ ಕೇಬಲ್ ಸಿಕ್ಕರೆ ಅದರಿಂದ ಐದು ಎಳೆ ಸೀಳಿಕೊಳ್ಳಿ, ಡಬ್ಬಿಯ ಒಳಗೆ ಅದು ಬಹಳ ಚೆನ್ನ. ಗುಜರಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇದೆಲ್ಲ ಸಿಗುತ್ತದೆ.

ಫಲಕದ ಬಗ್ಗೆ ಒಂದೇ ಮಾತು. ಮೇಲಿನ ಫಲಕಕ್ಕೆ ಅಲ್ಯೂಮಿನಿಯಂ ಹಾಳೆ ಹಾಕಿದ್ದೀರಿ. ಅದಕ್ಕೆ ನಮ್ಮ ಸಾಮಾನ್ಯ ಲೆಡ್ ಹಿಡಿಯುವುದಿಲ್ಲ, ಸುಮ್ನೆ ಒದ್ದಾಡಬೇಡಿ. ವೈರಿನ ತುದಿ ಸುತ್ತಿ, ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ.

ಕೀಬೋರ್ಡ್ ಬೋರ್ಡ್ ನಿಧಾನ ಆಗುತ್ತದೆಯಾ ಅಂತಲೂ ಕೇಳಿದ್ದೀರಿ. ಇಂಥ ಸಾಮಾನ್ಯ ಬೋರ್ಡನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ ಕೇಳುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಸ್ಟೆಪ್‌ಮೇನಿಯಾದ ಮೂಲ ಸೆಟ್ಟಿಂಗಿನಲ್ಲಿ ಅತಿ ಒಳ್ಳೆಯ ಹೆಜ್ಜೆಗೆ ಹಿಂದೆ ಮುಂದೆ 22.5 ಮಿಲಿಸೆಕೆಂಡ್ ಅವಕಾಶ ಇದೆ. ಕಲಿಯುವ ಮಗುವಿಗೆ ಧಾರಾಳ ಸಾಕು. ತಗಡು ತಗಡಿಗೆ ತಾಗುವಾಗ ಆಗುವ ಸಣ್ಣ ನಡುಕವನ್ನೂ ಈ ಬೋರ್ಡ್ ತಾನೇ ಸೋಸುತ್ತದೆ. ಅದಕ್ಕೇ ನನಗೆ ಈ ಹಳೆಯ ಬೋರ್ಡುಗಳೆಂದರೆ ಇಷ್ಟ.

ಈಗ ಹಾಕಿರುವ ವೈರುಗಳನ್ನು ಎಳೆದು ಕೀಳಬೇಡಿ, ಲೆಡ್ ಕರಗಿಸಿಯೇ ತೆಗೆಯಿರಿ. ಬೋರ್ಡಿನ ಎರಡೂ ಬದಿಯ ಫೋಟೊ ಹಗಲು ಬೆಳಕಲ್ಲಿ ತೆಗೆದು ಇಲ್ಲಿ ಹಾಕಿ, ನೀವು ಬರೆದ ಅಕ್ಷರಗಳ ಪಟ್ಟಿಯನ್ನೂ ಹಾಕಿ. ಯಾವ ಐದು ಜಾಗಕ್ಕೆ ವೈರ್ ಹಿಡಿಸಬೇಕು ಅಂತ ಫೋಟೊ ಮೇಲೇ ಗುರುತು ಮಾಡಿ ಕೊಡುತ್ತೇನೆ.